ಗೊದ್ದ ಸಾಕಿದ ಅಳಿಯ

ಕಳೆದ ಭಾನುವಾರ ಹಿತ್ತಿಲಲ್ಲಿ ಹಂಡೆ ಒಲೆಗೆ ಸೌದೆ ಎಳೆಯುತ್ತಿದ್ದಾಗ ಹೆಬ್ಬೆರಳಿನ ಕೆಳಗೆ ಏನೋ ಚಟ್ ಅಂದಿತು. ಕೈ ತೆಗೆದು ನೋಡಿದರೆ ಒಂದು ಗೊದ್ದ. ದೊಡ್ಡ ಕರಿ ಇರುವೆಗೆ ನಮ್ಮ ಕಡೆ ಗೊದ್ದ ಅನ್ನುತ್ತಾರೆ. ಬೆರಳು ಮೂಗಿನ ಹತ್ತಿರ ಬರುವಷ್ಟರಲ್ಲೇ ಆ ವಾಸನೆ ಹೊಡೆಯಿತು... ಹುಳಿ, ಒಗರು, ಮೂಗಿನ ಒಳಗೇ ಹೋಗಿ ಚುಚ್ಚುವಂಥದ್ದು. ಚನ್ನಪಟ್ಟಣದ ಕಾಲೇಜೊಂದರ ಲ್ಯಾಬಿನಲ್ಲಿ ವರ್ಷಗಟ್ಟಲೆ ಗಾಜು ತೊಳೆದವನು ನಾನು, ಆಸಿಡ್ಡಿನ ವಾಸನೆ ನನಗೇನು ಹೊಸದೆ? ಆದರೂ ಸೋಪು ಹಾಕಿ ಎರಡು ಸಲ ಕೈ ತೊಳೆದೆ. ಊಟಕ್ಕೆ ಕೂತರೆ ತುತ್ತಿನ ಜೊತೆ ಅದೇ ವಾಸನೆ ಬಂತು. ನಮ್ಮ ಮಾವ ನೆನಪಾದರು.

ನೆನಪಾದರು ಅಂದರೆ ಸುಳ್ಳು ಹೇಳಿದ ಹಾಗೆ. ಮರೆತಿದ್ದರೆ ತಾನೆ ನೆನಪಾಗುವುದು.

ಮಾವ ಅಂದರೆ ನನ್ನ ಹೆಂಡತಿಯ ತಂದೆ. ಹೊಂಗನೂರಿನಲ್ಲಿ ರೇಷ್ಮೆ ಬೆಳೆಯುತ್ತಿದ್ದವರು. ಅತ್ತೆ ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು, ಇದ್ದವಳು ಒಬ್ಬಳೇ ಮಗಳು. ಅವಳನ್ನು ಕಳಿಸಿಕೊಟ್ಟರೆ ಹುಳದ ಮನೆ ನೋಡುವವರು ಯಾರು? ಹಾಗಾಗಿ ನಾನೇ ಅಲ್ಲಿಗೆ ಹೋದೆ. ಬೆಳಿಗ್ಗೆ ಸೊಪ್ಪು ಕೊಯ್ದು ಕೊಡುವುದು, ಬಸ್ಸು ಹತ್ತಿ ಕಾಲೇಜಿಗೆ ಹೋಗುವುದು, ಸಂಜೆ ಬಂದು ಮತ್ತೆ ಸೊಪ್ಪು. ಮನೆ ಅಳಿಯ ಅನ್ನುವ ಮಾತನ್ನು ನೀವು ಹೊರಗಡೆಯಿಂದ ಕೇಳಿರುತ್ತೀರಿ, ಒಂದು ಸಲ ಒಳಗಡೆಯಿಂದ ಕೇಳಿ ನೋಡಬೇಕು. ಕೂರುವ ಕುರ್ಚಿ ಅವರದು, ಕುಡಿಯುವ ಲೋಟ ಅವರದು, ಜಗಲಿಯ ಮೇಲೆ ಬೀಳುವ ಬಿಸಿಲೂ ಅವರದೇ ಏನೋ ಅನ್ನಿಸುತ್ತದೆ. ಮಾವ ಕೆಟ್ಟವರಾಗಿರಲಿಲ್ಲ. ಒಂದು ದಿನವೂ ಏಕವಚನದಲ್ಲಿ ಕರೆಯಲಿಲ್ಲ. ‘ಅಳಿಯಂದ್ರೆ’ ಅಂತಲೇ ಕರೆಯುತ್ತಿದ್ದರು. ಆದರೆ ಮದುವೆಯಾಗಿ ನಾಲ್ಕು ವರ್ಷವಾದರೂ ಒಂದು ವಿಷಯಕ್ಕೂ ನನ್ನನ್ನು ಕೇಳಿದವರಲ್ಲ. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಬಂದರೆ, ಪಕ್ಕದ ಓಣಿಯಿಂದ ಹೆಂಗಸರನ್ನು ಕರೆಸುತ್ತಿದ್ದರೇ ಹೊರತು ನನ್ನ ಕೈಗೆ ಒಂದು ಹುಳ ಕೊಡುತ್ತಿರಲಿಲ್ಲ. ಅವರ ಕಣ್ಣಲ್ಲಿ ನಾನೂ ಒಬ್ಬ ಮನುಷ್ಯ ಅನ್ನಿಸಿಕೊಳ್ಳಬೇಕು ಅನ್ನುವುದು ನನಗೆ ಹಸಿವಿನ ಥರ ಆಗಿಬಿಟ್ಟಿತ್ತು.

ಇರುವೆಯೆಂದರೆ ಆ ಮನೆಗೆ ಶತ್ರು. ರೇಷ್ಮೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಹುಳದ ತಟ್ಟೆಗಳನ್ನು ಜೋಡಿಸುವ ಸ್ಟ್ಯಾಂಡಿನ ಪ್ರತಿ ಕಾಲಿನ ಕೆಳಗೂ ನೀರು ತುಂಬಿದ ಸಿಮೆಂಟಿನ ಬಟ್ಟಲು ಇರುತ್ತದೆ. ಇರುವೆ ಹತ್ತಬಾರದಲ್ಲ, ಅದಕ್ಕೆ. ಬೆಳಿಗ್ಗೆ ಸಂಜೆ ಆ ಬಟ್ಟಲುಗಳಿಗೆ ನೀರು ತುಂಬುವ ಕೆಲಸವನ್ನು ಮಾವ ಇನ್ನೊಬ್ಬರಿಗೆ ಬಿಟ್ಟವರಲ್ಲ. ತಟ್ಟೆಯಿಂದ ಒಂದು ಎಲೆ ಜೋತುಬಿದ್ದು ಗೋಡೆಗೆ ತಾಗಿದರೆ ಸಾಕು, ಸೇತುವೆ ಕಟ್ಟಿಕೊಟ್ಟೆ ಅಂತ ಮಗಳಿಗೆ ಬೈಗುಳ. ಹುಳ ಜ್ವರದಲ್ಲಿದ್ದಾಗ, ಅಂದರೆ ಪೊರೆ ಬಿಡಲು ತಲೆ ಎತ್ತಿ ಮಲಗಿದಾಗ, ಮನೆಯಲ್ಲಿ ಜೋರಾಗಿ ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಹೊಸದರಲ್ಲಿ ನಾನೊಮ್ಮೆ ಮುಖಕ್ಕೆ ಪೌಡರು ಬಳಿದುಕೊಂಡು ಮದುವಣಿಗನಂತೆ ಒಳಗೆ ಹೋಗಿ, ಬೈಸಿಕೊಂಡು ನಾಯಿಯಂತೆ ಆಚೆ ಬಂದಿದ್ದೆ. ಇರುವೆಯ ವಿಚಾರದಲ್ಲಿ ಅವರದೊಂದು ಕಾನೂನೇ ಇತ್ತು. “ಹುಳದ ರುಚಿ ಕಂಡ್ ಇರುವೆ ಸಾಯೋಗಂಟ ಆ ಮನೆ ಬುಡಾಕಿಲ್ಲ” ಅನ್ನುತ್ತಿದ್ದರು. ಅಂಥ ಮನೆಯಲ್ಲಿ ನಾನು ಇರುವೆ ಸಾಕಿದೆ ನೋಡಿ, ನನ್ನ ಬುದ್ಧಿಗೆ ಏನನ್ನಬೇಕು!

ಮೊದಲ ಮಳೆ ಬಿದ್ದ ಸಂಜೆ ಅದು. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಟ್ಯೂಬ್‌ಲೈಟಿನ ಸುತ್ತ ರೆಕ್ಕೆ ಬಂದ ಗೊದ್ದಗಳು ಬೀಳುತ್ತಿದ್ದವು. ಆ ದಿನಗಳಲ್ಲಿ ಮೊಬೈಲಿನಲ್ಲಿ ಯಾರೋ ಗಾಜಿನ ಕೊಳವೆಯಲ್ಲಿ ಇರುವೆ ಸಾಕುವ ವಿಡಿಯೋಗಳನ್ನು ನಾನು ನೋಡುತ್ತಿದ್ದೆ. ಹೊರದೇಶದವರು ಈ ಜಾತಿಯನ್ನು ಬಡಗಿ ಇರುವೆ ಅನ್ನುತ್ತಾರಂತೆ, ಮರ ಕೊರೆದು ಮನೆ ಮಾಡುತ್ತದೆ ಅಂತ. ಒಂದು ರಾಣಿ ಸಿಕ್ಕರೆ ಸಾಕು, ಅದು ಒಂದೇ ಕೂತು ಊರು ಕಟ್ಟುತ್ತದೆ ಅಂತ ಆ ವಿಡಿಯೋದವನು ಹೇಳಿದ್ದ. ನನ್ನ ಕಾಲ ಬಳಿ ಒಂದು ದಪ್ಪ ಹೆಣ್ಣು ಕೂತು ತನ್ನ ರೆಕ್ಕೆಯನ್ನು ತಾನೇ ಮುರಿದುಕೊಳ್ಳುತ್ತಿತ್ತು. ಟಿಫನ್ ಡಬ್ಬಿಯ ಮುಚ್ಚಳ ಕವುಚಿ ಹಿಡಿದೆ. ಯಾಕೆ ಹಿಡಿದೆ ಅಂದರೆ ಈಗ ನೇರವಾಗಿ ಹೇಳಿಬಿಡುತ್ತೇನೆ: ಆ ಮನೆಯಲ್ಲಿ ನನ್ನದು ಅಂತ ಒಂದು ಇರಲಿ ಅನ್ನಿಸಿತು.

ಲ್ಯಾಬಿನಲ್ಲಿ ಅಂಚು ಒಡೆದು ಮೂಲೆಗೆ ಬಿದ್ದಿದ್ದ ಟೆಸ್ಟ್ ಟ್ಯೂಬ್ ಒಂದು ನನ್ನ ಹತ್ತಿರ ಇತ್ತು. ತಳದಲ್ಲಿ ನೀರು, ಮೇಲೆ ಒತ್ತಿದ ಹತ್ತಿ, ಆಮೇಲೆ ರಾಣಿ, ಬಾಯಿಗೆ ಮತ್ತೆ ಹತ್ತಿ. ಇರುವೆಗೆ ಕೆಂಪು ಬಣ್ಣ ಕಾಣಿಸುವುದಿಲ್ಲವಂತೆ, ಕತ್ತಲೆ ಅಂದುಕೊಳ್ಳುತ್ತದಂತೆ. ಅದಕ್ಕೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ನನ್ನ ಸರ್ಟಿಫಿಕೇಟುಗಳ ಟ್ರಂಕಿನಲ್ಲಿ ಇಟ್ಟೆ. ತಿಂಗಳು ಮುಟ್ಟಬೇಡ, ಊಟ ಕೊಡಬೇಡ, ಇಣುಕಬೇಡ ಅಂತ ವಿಡಿಯೋದಲ್ಲಿ ಬಡಕೊಂಡಿದ್ದರು. ಹೊಸಬನ ಕೈ ಕೇಳುತ್ತದೆಯೇ? ದಿನಕ್ಕೆ ಹತ್ತು ಸಲ ತೆಗೆದು ನೋಡಿದೆ. ಗಾಬರಿಯಾಗಿ ರಾಣಿ ತಾನಿಟ್ಟ ಮೊಟ್ಟೆಗಳನ್ನು ತಾನೇ ತಿಂದುಕೊಂಡಿತು. ನಾಲ್ಕು ದಿನ ನನ್ನ ಮೇಲೆ ನನಗೇ ಅಸಹ್ಯ. ಆಮೇಲೆ ಟ್ರಂಕಿಗೆ ಬೀಗ ಹಾಕಿ ಬೀಗದಕೈಯನ್ನು ಕಾಲೇಜಿನಲ್ಲಿ ಇಟ್ಟು ಬಂದೆ. ಮೊದಲು ಕಂಡುಹಿಡಿದವಳು ನನ್ನ ಹೆಂಡತಿ. ತಿಂಗಳ ಮೇಲೆ ನಾನು ಬೀಗ ತೆಗೆದ ದಿನ ಕೆಂಪು ಟ್ಯೂಬು ನೋಡಿ ಎದೆ ಹಿಡಿದುಕೊಂಡಳು.

“ಇದ್ಯಾರ್ ರಕ್ತ ರೀ? ನಿಮ್ಗೇನಾರ ಕಾಯಿಲೆಯಾ?”

ಕಾಯಿಲೆಯೇ ಕಣೆ, ಇರುವೆ ಕಾಯಿಲೆ ಅಂದೆ. ಅಪ್ಪನಿಗೆ ಗೊತ್ತಾದರೆ ನಿಮ್ಮನ್ನೂ ಇದರೊಳಗೇ ತುಂಬಿ ಹತ್ತಿ ಹೆಟ್ಟುತ್ತಾರೆ ಅಂತ ನಕ್ಕಳು. ಅಷ್ಟು ಹೊತ್ತಿಗೆ ರಾಣಿ ಮತ್ತೆ ಮೊಟ್ಟೆಯಿಟ್ಟು, ಏಳು ಪುಟ್ಟ ಗೊದ್ದಗಳು ಹುಟ್ಟಿ ಅದರ ಸುತ್ತ ಓಡಾಡುತ್ತಿದ್ದವು.

ಮಾವನಿಗೆ ಗೊತ್ತಾಗದೆ ಇರುತ್ತದೆಯೇ. ಟ್ಯೂಬನ್ನು ಒಂದು ಅಗಲವಾದ ಪ್ಲಾಸ್ಟಿಕ್ ಡಬ್ಬಿಗೆ ಇಳಿಸಿ ಮುಚ್ಚಳಕ್ಕೆ ಜಾಲರಿ ಅಂಟಿಸುತ್ತಿದ್ದಾಗ ಹಿಂದೆ ಬಂದು ನಿಂತಿದ್ದರು. ನಾನು ಡಬ್ಬಿಗೆ ಕೈ ಅಡ್ಡ ಹಿಡಿದೆ. ಎತ್ತಿ ಒಲೆಗೆ ಹಾಕುತ್ತಾರೆ ಅಂದುಕೊಂಡೆ. ಅವರು ಬಗ್ಗಿ ನೋಡಿ, ಸೊಂಟ ನೆಟ್ಟಗೆ ಮಾಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

“ಕೆಲ್ಸ ಇಲ್ದ ಬಡಗಿ ಮಗನ ಕುಂಡಿ ಕೆತ್ತಿದ್ನಂತೆ. ಅಂಗಾಯ್ತು ನಿಮ್ಮ ಕತೆ, ಅಳಿಯಂದ್ರೆ!”

ನಕ್ಕು ಮುಗಿಸಿದ ಮೇಲೆ ಹುಳದ ಮನೆಯಿಂದ ಒಂದು ಸೀಳಿದ ಹಳೇ ಬಟ್ಟಲನ್ನು ತಂದು, ಬಿರುಕಿಗೆ ಸಿಮೆಂಟು ಮೆತ್ತಿ, ನೀರು ತುಂಬಿ, ನಡುವೆ ಇಟ್ಟಿಗೆಯಿಟ್ಟು, ಅದರ ಮೇಲೆ ನನ್ನ ಡಬ್ಬಿ ಇಟ್ಟರು. ಅವರ ಹುಳದ ಹತ್ತಿರ ಇರುವೆ ಬರಬಾರದು ಅಂತ ನೀರು, ನನ್ನ ಇರುವೆ ಅವರ ಹುಳದ ಹತ್ತಿರ ಹೋಗಬಾರದು ಅಂತಲೂ ನೀರು. ಜಗಲಿಯ ಆಚೆ ತುದಿಯಲ್ಲಿ ಮಾತ್ರ ಇಡಬೇಕು ಅಂತ ಆಜ್ಞೆಯಾಯಿತು. ಮಾರನೆಯ ದಿನ ಟೀ ಅಂಗಡಿಯಲ್ಲಿ ಕೂತು ಊರಿಗೆಲ್ಲ ಹೇಳಿದರು. ‘ಗೊದ್ದದ ಅಳಿಯಂದ್ರು ಬಂದ್ರು’ ಅಂತ ಜನ ಬಸ್ಸಿನಲ್ಲಿ ನನಗೆ ಜಾಗ ಬಿಡುವುದಕ್ಕೆ ಶುರುಮಾಡಿದರು. ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ.

ಶ್ರಾವಣದಲ್ಲಿ ಎಲ್ಲ ಬದಲಾಯಿತು. ಒಂದು ಸಂಜೆ ನಾನು ಸೊಪ್ಪಿನ ಹೊರೆ ಇಳಿಸುತ್ತಿದ್ದೆ. ಜಗಲಿಯ ತುದಿಯಲ್ಲಿ ಮಾವ ಕುಕ್ಕರಗಾಲಲ್ಲಿ ಕೂತು, ಕನ್ನಡಕವನ್ನು ಹಣೆಗೇರಿಸಿ, ಡಬ್ಬಿಗೆ ಮೂಗು ತಾಗಿಸಿಕೊಂಡಿದ್ದರು. ಕರೆದರು. ಆ ಕರೆದ ದನಿಯೇ ಬೇರೆಯಾಗಿತ್ತು.

“ಬಿರ್ರನೆ ಬನ್ನಿ ಇಲ್ಲಿ. ಇವೂ ಗೂಡು ಕಟ್ತವಲ್ರೀ!”

ಹೌದು. ಗೊದ್ದದ ಮರಿಹುಳವೂ ತನ್ನ ಸುತ್ತ ನೂಲು ಸುತ್ತಿಕೊಂಡು ಗೂಡಿನೊಳಗೆ ಮಲಗುತ್ತದೆ. ಅಕ್ಕಿಕಾಳಿನಷ್ಟು ಉದ್ದ, ಕೆನೆ ಬಣ್ಣ. ನಾನದನ್ನು ವಾರದಿಂದ ನೋಡಿದ್ದೆ, ಆದರೆ ಅದನ್ನು ಗೂಡು ಅಂತ ನೋಡಿರಲಿಲ್ಲ. ಹುಟ್ಟಿದಾಗಿನಿಂದ ಗೂಡನ್ನೇ ಬಿಡಿಸುತ್ತ ಬಂದ ಮನುಷ್ಯ, ಆ ಅಕ್ಕಿಕಾಳನ್ನು ನೋಡುತ್ತ ಬೀಡಿ ಆರಿಹೋದದ್ದನ್ನೂ ಮರೆತರು. “ಎಷ್ಟ್ ಜ್ವರ ಆಯ್ತದೆ ಇವುಕ್ಕೆ?” ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರ ಹಿಂದೆ ಬಿದ್ದು ಕೇಳಿ, ಪುಸ್ತಕ ನೋಡಿಸಿ, ಸಂಜೆ ಬಂದು ಹೇಳಿದೆ. ಮಾವ ಬಾಯಿ ತೆರೆಯದೆ ಕೂತು ಕೇಳಿದರು. ನಾಲ್ಕು ವರ್ಷದಲ್ಲಿ ನಾನು ಆಡಿದ ಒಂದು ಮಾತನ್ನು ಅವರು ಕೊನೆವರೆಗೂ ಕೇಳಿದ್ದು ಅದೇ ಮೊದಲು.

ಅಲ್ಲಿಂದ ಪ್ರತಿ ಸಂಜೆ ಅವರು ಡಬ್ಬಿಯ ಮುಂದೆ ಹಾಜರ್. ಒಂದು ಸಲ ಮೂರ್ನಾಲ್ಕು ಮರಿಹುಳಗಳು ಬೆಳೆದು ದಪ್ಪವಾಗಿದ್ದರೂ ನೂಲು ಬಿಡದೆ ಹೊರಳಾಡುತ್ತಿದ್ದವು. ನಾನು ತಲೆ ಕೆರೆದುಕೊಂಡೆ. ಮಾವ ಒಂದೇ ನೋಟಕ್ಕೆ ಹೇಳಿದರು, ಹಣ್ಣಾಗವೆ, ಹಿಡ್ಕೊಳ್ಳಾಕೆ ಏನೂ ಇಲ್ಲ, ಚಂದ್ರಿಕೆ ಇಲ್ದೆ ನಮ್ಮ ಹುಳ ಕಟ್ತದಾ ಅಂತ. ಚಂದ್ರಿಕೆ ಅಂದರೆ ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಚಿಟಿಕೆ ಮರಳು ತೊಳೆದು ಒಣಗಿಸಿ ಒಳಗೆ ಉದುರಿಸಿದರು. ಇರುವೆಗಳು ಒಂದೊಂದೇ ಕಾಳು ತಂದು ಆ ಮರಿಗಳನ್ನು ಮುಚ್ಚಿದವು, ಎರಡು ದಿನದಲ್ಲಿ ಗೂಡು! ನನಗೆ ವಿಡಿಯೋ ಹೇಳಿಕೊಡದೆ ಇದ್ದದ್ದನ್ನು ಅವರ ಕಸುಬು ಹೇಳಿಕೊಟ್ಟಿತ್ತು. ಮನೆಗೆ ಬಂದವರಿಗೆ “ನಮ್ಮ ಅಳಿಯಂದ್ರು ಸಾಕವ್ರೆ ನೋಡಿ” ಅಂತ ತೋರಿಸುವುದಕ್ಕೆ ಶುರುಮಾಡಿದರು. ಆ ಬೆಳೆಯಲ್ಲಿ ಮೊದಲ ಸಲ ನನ್ನನ್ನು ಹುಳದ ಮನೆಗೆ ಕರೆದು, “ಒಸಿ ನೋಡ್ರಿ, ಹಣ್ಣಾಗವಾ?” ಅಂತ ಕೇಳಿದರು. ತಟ್ಟೆಯ ಮೇಲೆ ಬಗ್ಗಿದಾಗ ನನ್ನ ಕಣ್ಣು ಮಂಜಾಗಿ ಹುಳ ಹಣ್ಣೋ ಕಾಯೋ ಒಂದೂ ಕಾಣಲಿಲ್ಲ. ಆಗವೆ ಮಾವ ಅಂದೆ. ಬದುಕಿನಲ್ಲಿ ಅಷ್ಟು ಹಿಗ್ಗಿದ ದಿನ ಇನ್ನೊಂದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರು ಕರಗಿರಲಿಲ್ಲ. ಮರಿಗಳಿಗೆ ಮಾಂಸ ಬೇಕು, ಸಕ್ಕರೆ ನೀರು ಸಾಲದು. ನಾನು ನೊಣ, ಸೊಳ್ಳೆ, ಜಿರಲೆಯ ತುಂಡು ಹಾಕುತ್ತಿದ್ದೆ. ಮಾವ, ಎಸೆಯುವ ಸೊಣಕಲು ಹುಳ ಇದ್ದರೆ ಒಂದು ಕೊಡಿ ಅಂತ ತಮಾಷೆಗೆ ಕೇಳಿದ್ದೆ. ಅವರ ಮುಖ ಕಪ್ಪಾಯಿತು. ಹುಳ ಅಂದರೆ ಲಕ್ಷ್ಮಿ, ಮನೆ ಮಗ, ಮನೆ ಮಗನನ್ನು ಇರುವೆ ಬಾಯಿಗೆ ಹಾಕುತ್ತಾರಾ, ಆ ಮಾತು ಇನ್ನೊಂದು ಸಲ ಆಡಬೇಡಿ ಅಂದರು. ಆಡಲಿಲ್ಲ.

ಫೆಬ್ರವರಿಯಲ್ಲಿ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗಳು ಬಂದವು. ಆ ವಾರ ನಾನು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದೆ. ನೊಣ ಹಿಡಿಯುವುದಕ್ಕೆ ಪುರಸೊತ್ತಿಲ್ಲ. ಡಬ್ಬಿಯಲ್ಲಿ ಆಗ ಅರವತ್ತರ ಹತ್ತಿರ ಗೊದ್ದಗಳಿದ್ದವು, ಮರಿಗಳ ರಾಶಿ ಬೇರೆ. “ಹಸ್ಕಂಡ್ ಓಡಾಡ್ತವೆ ಕಣ್ರಿ ಪಾಪ” ಅಂತ ಮಾವ ಒಂದು ಬೆಳಿಗ್ಗೆ ಹೇಳಿದರು. ನಾನು ಬಸ್ಸಿನ ಆತುರದಲ್ಲಿ, ನೋಡ್ಕೋತೀನಿ ಬುಡಿ ಮಾವ ಅಂದು ಓಡಿದೆ.

ಅದರ ಮಾರನೆಯ ದಿನ ಪರೀಕ್ಷೆ ಮುಗಿದು ಹೊತ್ತಿರುವಾಗಲೇ ಮನೆಗೆ ಬಂದೆ. ಡಬ್ಬಿಯ ಮುಂದೆ ಕೂತವನಿಗೆ ಏನಾಗುತ್ತಿದೆ ಅಂತ ಮೊದಲು ತಿಳಿಯಲಿಲ್ಲ. ಗೊದ್ದಗಳು ಕುಡಿದವರ ಹಾಗೆ ತೂರಾಡುತ್ತಿದ್ದವು. ಕೆಲವು ಬೆನ್ನ ಮೇಲೆ ಬಿದ್ದು ಕಾಲು ಆಡಿಸುತ್ತಿದ್ದವು, ಹೆಚ್ಚಿನವು ಆಡಿಸುವುದನ್ನೂ ಬಿಟ್ಟಿದ್ದವು. ರಾಣಿ ಹತ್ತಿಯ ಮೇಲೆ ತಲೆಯೂರಿ ಮಲಗಿತ್ತು, ಕಡ್ಡಿಯಿಂದ ಮುಟ್ಟಿದರೆ ಮೀಸೆಯೂ ಅಲ್ಲಾಡಲಿಲ್ಲ. ಊಟ ಹಾಕುವ ಜಾಗದಲ್ಲಿ ಬೆಳ್ಳಗೆ ಪುಡಿ. ಜಾಲರಿಯ ಮೇಲೆಯೂ ಬೆರಳಿನ ಗುರುತಿನಷ್ಟು ಬಿಳಿ ಪುಡಿ.

ಹೆಂಡತಿಯನ್ನು ಕೂಗಿದೆ. ಬೆಳಿಗ್ಗೆ ಅಪ್ಪ ಮುಚ್ಚಳ ತೆಗೆದದ್ದನ್ನು ನೋಡಿದೆ ಅಂದಳು ಪಾಪ, ಇದ್ದದ್ದನ್ನು ಇದ್ದ ಹಾಗೆ. ನನಗೆ ಅಷ್ಟು ಸಾಕಾಯಿತು. ಅಂಗಡಿಯಲ್ಲಿ ಸಿಗುವ ಇರುವೆ ಪುಡಿ ಬೆಳ್ಳಗಿರುತ್ತದೆ. ನಲವತ್ತು ವರ್ಷ ಇರುವೆ ಕೊಂದವರು ಅವರು. ಹೊಗಳುತ್ತ ಹೊಗಳುತ್ತ ಒಳಗೆ ಇಷ್ಟು ವಿಷ ಇಟ್ಟುಕೊಂಡಿದ್ದರಲ್ಲ ಅಂತ ತಲೆಗೆ ರಕ್ತ ಏರಿತು.

ಮಾವ ಅಂಗಳದಲ್ಲಿ ಸೊಪ್ಪಿನ ಕಡ್ಡಿ ಬಿಡಿಸುವ ಇಬ್ಬರು ಹೆಂಗಸರ ಜೊತೆ ಕೂತಿದ್ದರು. ಡಬ್ಬಿಯನ್ನು ಹಾಗೇ ಎತ್ತಿಕೊಂಡು ಹೋಗಿ ಅವರ ಮುಂದೆ ಕುಕ್ಕಿದೆ. ಒಳಗೆ ನೋಡಿದ ಅವರ ಮುಖ ಬಿಳಿಚಿಕೊಂಡಿತು. ಎಲ್ಲಾನೂವಾ ಅಂದರು, ಅಷ್ಟೇ. ಪುಡಿ ಹಾಕಿದವರಿಗೆ ಗೊತ್ತಿರಬೇಕಲ್ಲ ಅಂತ ನಾನು ಕಿರುಚಿದೆ. ಅವರು ಏನೋ ಹೇಳಲು ಬಾಯಿ ತೆರೆದು, ಆ ಹೆಂಗಸರ ಕಡೆ ಒಂದು ಸಲ ನೋಡಿ, ಮುಚ್ಚಿಕೊಂಡರು.

ಆ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಆಣೆ ಹುಳದ ಆಣೆ. ತಟ್ಟೆ ಮುಟ್ಟಿ ಸುಳ್ಳು ಹೇಳಿದರೆ ಆ ಬೆಳೆ ನಿಲ್ಲುವುದಿಲ್ಲ ಅನ್ನುವ ನಂಬಿಕೆ. ಸೊಪ್ಪು ಕದ್ದವನೊಬ್ಬನಿಂದ ಮಾವನೇ ಒಮ್ಮೆ ಹಾಗೆ ಆಣೆ ಇಡಿಸಿದ್ದರು. ನಾನು ಅದನ್ನೇ ಹಿಡಿದೆ. ನೀವು ಇದಕ್ಕೆ ಕೈ ಹಾಕಿಲ್ಲ ಅಂತ ಹುಳದ ಮೇಲೆ ಆಣೆ ಇಡಿ, ನಾನು ನಿಮ್ಮ ಕಾಲಿಗೆ ಬೀಳುತ್ತೇನೆ ಅಂದೆ. ಮಾವ ಎದ್ದು ಹುಳದ ಮನೆಯ ಹೊಸಿಲವರೆಗೆ ಹೋದರು. ಹತ್ತಿರದ ತಟ್ಟೆಗೆ ಕೈ ಚಾಚಿದರು. ಕೈ ಅಲ್ಲೇ ನಿಂತಿತು. ಹಿಂದಕ್ಕೆ ತೆಗೆದುಕೊಂಡರು.

“ಇಡಾಕಿಲ್ಲ ಅಳಿಯಂದ್ರೆ. ಕೈ ಹಾಕಿರೋದು ದಿಟ.”

ಎಂಥ ಕೈ, ಏನು ಹಾಕಿದಿರಿ, ಯಾಕೆ ಹಾಕಿದಿರಿ ಅಂತ ನಾನು ಕೇಳಬೇಕಿತ್ತು. ಒಂದೇ ಒಂದು ಪ್ರಶ್ನೆ. ಕೇಳಲಿಲ್ಲ. ನಾಲ್ಕು ವರ್ಷದ್ದೆಲ್ಲ ಕಾರಿಕೊಂಡೆ. ಹೆಂಡತಿ ಮನೆಯಲ್ಲಿ ಬಿದ್ದಿರುವವನ ಹತ್ತಿರ ಒಂದು ಇರುವೆ ಇದ್ದರೂ ನಿಮಗೆ ಹೊಟ್ಟೆಕಿಚ್ಚು, ನಿಮ್ಮ ಹುಳಕ್ಕಿಂತ ನನ್ನ ಇರುವೆಯನ್ನು ಊರು ನೋಡಲು ಬರುತ್ತಿತ್ತಲ್ಲ ಅದು ನುಂಗಲಾಗಲಿಲ್ಲ ನಿಮಗೆ, ಅಂದೆ. ಇನ್ನೂ ಅಂದೆ, ಬರೆಯುವಂಥದ್ದಲ್ಲ. ನನ್ನ ಹೆಂಡತಿಯೂ ನನ್ನ ಮಾತು ಕಟ್ಟಿಕೊಂಡು, “ಯಾಕಪ್ಪ ಹಿಂಗ್ ಮಾಡ್ಬುಟ್ಟೆ, ಅವ್ರಿಗೆ ಇದ್ದುದ್ದೇ ಅದೊಂದು” ಅಂತ ಅಳುತ್ತ ಬೈದಳು. ಮಾವ ಮಗಳ ಮುಖವನ್ನು ನೋಡಿದರು... ಆ ನೋಟವನ್ನು ಹೇಗೆ ಹೇಳುವುದೋ ನನಗೆ ತಿಳಿಯದು. ಕಡ್ಡಿ ಬಿಡಿಸುವ ಹೆಂಗಸರು ತಲೆ ಬಗ್ಗಿಸಿಕೊಂಡು ಬೇಗ ಬೇಗ ಎಲೆ ಕೀಳುತ್ತಿದ್ದರು.

ಡಬ್ಬಿಯನ್ನು ಸ್ವಚ್ಛ ಮಾಡಲಿಲ್ಲ. ಸಾಕ್ಷಿ ಇರಲಿ ಅಂತ ಹಾಗೇ ಮುಚ್ಚಿ, ದಾರ ಸುತ್ತಿ, ಅಟ್ಟಕ್ಕೆ ಎಸೆದೆ. ಅವರ ಜೊತೆ ಮಾತು ಬಿಟ್ಟೆ.

ಒಂದೇ ಮನೆಯಲ್ಲಿದ್ದು ಮಾತು ಬಿಡುವುದು ಒಂದು ದೊಡ್ಡ ಕೆಲಸ. ಅವರು ಜಗಲಿಗೆ ಬಂದರೆ ನಾನು ಒಳಗೆ, ನಾನು ಒಳಗೆ ಬಂದರೆ ಅವರು ಹುಳದ ಮನೆಗೆ. ಊಟಕ್ಕೆ ಬರಬೇಕಂತೆ, ಸೊಪ್ಪು ಸಾಲದಂತೆ ಅಂತ ನಡುವೆ ನನ್ನ ಹೆಂಡತಿಯ ಓಡಾಟ. ಅವಳೂ ಅಪ್ಪನ ಜೊತೆ ಬೇಕಷ್ಟೇ ಮಾತಾಡುತ್ತಿದ್ದಳು. ನಾಲ್ಕು ತಿಂಗಳು ಹೀಗೇ ನಡೆಯಿತು. ಮಾವ ಹುಳದ ಮನೆಯಲ್ಲಿ ಒಬ್ಬರೇ ಏನಾದರೂ ಗೊಣಗುವುದು ಕೇಳಿಸುತ್ತಿತ್ತು. ನಾನು ಕಿವಿಗೊಡುತ್ತಿರಲಿಲ್ಲ.

ಮತ್ತೆ ಮೊದಲ ಮಳೆ ಬಂತು. ಸಂಜೆ ನಾನು ಕಿಟಕಿಯ ಹತ್ತಿರ ಕೂತಿದ್ದಾಗ ಮಾವ ಒದ್ದೆ ತಲೆಯಲ್ಲೇ ಒಳಗೆ ಬಂದು, ನನ್ನ ಮೇಜಿನ ಮೇಲೆ ಒಂದು ಬೆಂಕಿಪೊಟ್ಟಣ ಇಟ್ಟು ಬಾಗಿಲ ಹತ್ತಿರ ನಿಂತರು. ತೆರೆದು ನೋಡಿದೆ. ಒಳಗೆ ದಪ್ಪ ಹೆಣ್ಣು ಗೊದ್ದ, ಪಕ್ಕದಲ್ಲಿ ಮುರಿದ ನಾಲ್ಕು ರೆಕ್ಕೆ. ಅರವತ್ತು ದಾಟಿದ ಮನುಷ್ಯ, ಇರುವೆ ಅಂದರೆ ಆಗದ ಮನುಷ್ಯ, ಮಳೆಯಲ್ಲಿ ಬೀದಿ ದೀಪದ ಕೆಳಗೆ ಬಗ್ಗಿ ಬಗ್ಗಿ ಅದನ್ನು ಹುಡುಕಿದ್ದರು. ನಾನೇನು ಮಾಡಿದೆ ಗೊತ್ತಾ? ಅವರ ಕಣ್ಣೆದುರೇ ಪೊಟ್ಟಣವನ್ನು ಕಿಟಕಿಯ ಆಚೆ ಹಿಡಿದು ಕೊಡವಿದೆ. ಖಾಲಿ ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟೆ.

“ಬುಡಿ, ಓಗ್ಲಿ” ಅಂದರು. ತಿರುಗಿ ಹೋದರು.

ಮೂರು ವಾರದ ಮೇಲೆ ಹಿಪ್ಪುನೇರಳೆ ತೋಟದಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ಆಟೋದಲ್ಲಿ ಚನ್ನಪಟ್ಟಣಕ್ಕೆ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಆಸ್ಪತ್ರೆ ನಮ್ಮ ಕಾಲೇಜಿನಿಂದ ಹತ್ತು ನಿಮಿಷದ ದಾರಿ. ಓಡಿ ಹೋದೆ. ಯಾತಕ್ಕೆ ಓಡಿದೆನೋ. ಅವರು ನನ್ನ ಜೊತೆ ಆಡಿದ ಕೊನೆಯ ಮಾತು ಆ ಎರಡೇ.

ತಿಥಿಯೆಲ್ಲ ಮುಗಿದು ಎರಡು ತಿಂಗಳಾದ ಮೇಲೆ ಮನೆಗೆ ಸುಣ್ಣ ಬಳಿಯಲು ಅಟ್ಟ ಖಾಲಿ ಮಾಡುತ್ತಿದ್ದೆ. ಡಬ್ಬಿ ಕೈಗೆ ಸಿಕ್ಕಿತು. ಹೆಂಡತಿ ನೀರು ತರಲು ಹೋಗಿದ್ದಳು. ದಾರ ಬಿಚ್ಚಿದೆ. ಒಣಗಿದ ಗೊದ್ದಗಳು ತರಗಿನ ಹಾಗೆ ಸದ್ದು ಮಾಡಿದವು. ಇರುವೆ ತಿಂದು ಮಿಕ್ಕಿದ್ದನ್ನೆಲ್ಲ ಒಂದು ಮೂಲೆಗೆ ತಂದು ಗುಡ್ಡೆ ಹಾಕುತ್ತದೆ, ಅದು ಅದರ ಗುಣ. ಆ ಗುಡ್ಡೆಯಲ್ಲಿ ನೊಣದ ರೆಕ್ಕೆಗಳ ಮೇಲೆ ಸುರುಟಿಕೊಂಡ ಒಂದು ಉದ್ದನೆಯ ಚರ್ಮ ಇತ್ತು. ಒಂದು ತುದಿಯಲ್ಲಿ ಕಂದು ತಲೆ. ಇನ್ನೊಂದು ತುದಿಯಲ್ಲಿ, ಬೆನ್ನ ಮೇಲೆ, ಪುಟ್ಟ ಕೊಂಬು.

ಆ ಕೊಂಬು ಇರುವುದು ರೇಷ್ಮೆ ಹುಳಕ್ಕೆ. ಮಡಿಕೆ ಮಡಿಕೆಯಲ್ಲೂ ಬಿಳಿ ಪುಡಿ ಕೂತಿತ್ತು.

ನಾಲ್ಕನೆಯ ಜ್ವರದಿಂದ ಎದ್ದ ಹುಳಕ್ಕೆ ಸೊಪ್ಪು ಹಾಕುವ ಮೊದಲು ರೋಗ ಬರದಿರಲಿ ಅಂತ ಮೈಮೇಲೆ ಔಷಧಿ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಎರಚುತ್ತಾರೆ. ಸುಣ್ಣದ ಪುಡಿಯ ಹಾಗೆ ಬೆಳ್ಳಗಿರುತ್ತದೆ. ಆ ಬೆಳಿಗ್ಗೆ ಹುಳ ಜ್ವರದಿಂದ ಎದ್ದಿತ್ತು, ಮಾವನೇ ಎರಚಿದ್ದರು. ನಾನು ಬಸ್ಸಿಗೆ ಹೊರಡುವಾಗ ಅವರ ಮೊಣಕೈವರೆಗೂ ಬೆಳ್ಳಗಿದ್ದದ್ದು ನನಗೆ ಗೊತ್ತಿತ್ತು. ಅಲ್ಲಿಗೆ ಎಲ್ಲವೂ ತಿಳಿಯಿತು. ಹಸಿದ ಗೊದ್ದಗಳನ್ನು ನೋಡಲಾರದೆ, ತಾನೇ ಹಾಕಿದ ಕಾನೂನು ಮುರಿದು, ಮನೆ ಮಗನಂಥ ಹುಳವೊಂದನ್ನು ತೆಗೆದು ಅವುಗಳಿಗೆ ಕೊಟ್ಟಿದ್ದರು. ಸೊಣಕಲು ಹುಳವನ್ನೂ ಕೊಟ್ಟಿರಲಿಲ್ಲ. ಚರ್ಮದ ಉದ್ದ ನೋಡಿದರೆ ಗೊತ್ತಾಗುತ್ತಿತ್ತು, ತಟ್ಟೆಯಲ್ಲೇ ದೊಡ್ಡದನ್ನು ಆರಿಸಿದ್ದರು. ಹುಳಕ್ಕೆ ರಕ್ಷೆಯಾದ ಪುಡಿ ಇರುವೆಗೆ ವಿಷವಾಗುತ್ತದೆ ಅಂತ ಅವರಿಗೇನು ಗೊತ್ತು? ಗೊತ್ತಿರಬೇಕಾದವನು ನಾನು. ದಿನಾ ಬಾಟಲಿಗಳ ಮೇಲೆ ವಿಷದ ಚೀಟಿ ಅಂಟಿಸುವವನು.

ಆ ಇಬ್ಬರು ಹೆಂಗಸರ ಮುಂದೆ, ಇರುವೆಗೆ ಹುಳ ತಿನ್ನಿಸಿದೆ ಅಂತ ಆ ಮನುಷ್ಯ ಹೇಗೆ ಹೇಳಿಯಾರು? ಸಂಜೆಯೊಳಗೆ ಊರೆಲ್ಲ ಆಡಿಕೊಳ್ಳುತ್ತಿತ್ತು. ಸುಳ್ಳು ಆಣೆ ಇಟ್ಟಿದ್ದರೆ ಬಚಾವಾಗುತ್ತಿದ್ದರು. ಇಡಲಿಲ್ಲ. ಹುಳದ ಮೇಲೆ ಸುಳ್ಳು ಆಡುವುದಕ್ಕಿಂತ ನನ್ನ ಕೈಲಿ ಕಟುಕ ಅನ್ನಿಸಿಕೊಳ್ಳುವುದೇ ಮೇಲು ಅಂದುಕೊಂಡರು. ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಅನ್ನುತ್ತಾರಲ್ಲ... ನಾನು ಕುಯ್ದದ್ದು ನನ್ನ ಮೂಗಾಗಿದ್ದರೆ ಚಿಂತೆ ಇರಲಿಲ್ಲ.

ಹೆಂಡತಿ ಬಿಂದಿಗೆ ಇಳಿಸುವ ಸದ್ದು ಕೇಳಿತು. ಡಬ್ಬಿಯನ್ನು ಹಾಗೇ ಒಲೆಗೆ ಹಾಕಿದೆ. ಪ್ಲಾಸ್ಟಿಕ್ ಸುಟ್ಟ ವಾಸನೆಗೆ ಏನ್ ಸುಡ್ತಿದ್ದೀರಿ ಅಂತ ಕೇಳಿದಳು. ಕಸ ಅಂದೆ.

ಇವತ್ತಿನವರೆಗೂ ಅವಳಿಗೆ ಹೇಳಿಲ್ಲ. ಹೇಳಬೇಕು ಅಂತ ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಹೇಳಿದರೆ, ತನ್ನ ಅಪ್ಪನನ್ನು ಕೊನೆಯ ನಾಲ್ಕು ತಿಂಗಳು ಯಾವ ತಪ್ಪಿಗೆ ದೂರ ಇಟ್ಟೆ ಅಂತ ಅವಳು ತನ್ನನ್ನು ತಾನೇ ಕೇಳಿಕೊಳ್ಳುತ್ತಾಳೆ. ಆಮೇಲೆ ನನ್ನನ್ನು ಕೇಳುತ್ತಾಳೆ. ನನಗೆ ಹೆದರಿಕೆ ಇರುವುದು ಆ ಎರಡನೆಯದಕ್ಕೆ, ನಾನು ಹೇಡಿ. ಇದು ಅಚ್ಚಾದರೆ ಎಂದಾದರೂ ಅವಳ ಕಣ್ಣಿಗೆ ಬೀಳಬಹುದು. ಬೀಳಲಿ ಅಂತ ಒಂದು ಮನಸ್ಸು, ಬೇಡಪ್ಪ ದೇವರೇ ಅಂತ ಇನ್ನೊಂದು. ಹುಳದ ಮನೆಯನ್ನು ಈಗ ನಾವಿಬ್ಬರೇ ನೋಡಿಕೊಳ್ಳುತ್ತೇವೆ. ಬಟ್ಟಲುಗಳಿಗೆ ನೀರು ತುಂಬುವವನು ನಾನು. ಹುಳ ಹಣ್ಣಾಯಿತೋ ಇಲ್ಲವೋ ಅಂತ ಊರಿನವರು ಈಗ ನನ್ನನ್ನೇ ಬಂದು ಕೇಳುತ್ತಾರೆ. ಕೇಳಿದಾಗಲೆಲ್ಲ ಓಡಿಹೋಗೋಣ ಅನ್ನಿಸುತ್ತದೆ.

ಈ ವರ್ಷದ ಪಿತೃಪಕ್ಷದ ಎಡೆ ಮುಗಿದು ಎರಡು ದಿನವಾಯಿತು. ಹೆಂಡತಿ ಅವರಿಗೆ ಇಷ್ಟವಾದ ಮಾಂಸದ ಸಾರು, ಮುದ್ದೆ, ಒಂದು ಕಟ್ಟು ಬೀಡಿ ಇಟ್ಟು, ಹೊಸ ಪಂಚೆ ಮಡಿಸಿಟ್ಟು ಕೈ ಮುಗಿದಳು. ನಾನೂ ಮುಗಿದೆ. ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಂದಕ್ಕೆ ಎಳೆದು ಇಬ್ಬರೂ ಜಗಲಿಯಲ್ಲಿ ಕೂತೆವು. ಪ್ರತಿ ವರ್ಷ ಹೇಳುವುದನ್ನೇ ಈ ಸಲವೂ ಹೇಳಿದಳು.

“ಆ ಇರುವೆ ಇಚಾರ ಒಂದ್ ಬುಟ್ರೆ ನಮ್ಮಪ್ಪಂದು ಒಂದ್ ತಪ್ಪಿಲ್ಲ ಕಣ್ರಿ.” ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು, “ಈಗ್ಲಾರ ನೀವು ಅವ್ರುನ್ನ ಕ್ಷಮಿಸಿದ್ದೀರಿ ತಾನೆ?”

“ಹೂಂ” ಅಂದೆ. “ಯಾವತ್ತೋ ಕ್ಷಮಿಸಿದೆ.”